ವಿದ್ಯುತ್ ವಾಹನ: ಮುಂಗಡದ ದಿನವೇ ಅರ್ಹತೆಯ ದಿನವಾಗಲಿ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಇಲ್ಲಿ ರೂಪುಗೊಂಡ ದೇವತಾ ವಿಗ್ರಹಗಳು ನಾಡಿನ ಮತ್ತು ನೆರೆರಾಜ್ಯಗಳ ದೇವಾಲಯಗಳನ್ನು ಸೇರುತ್ತವೆ. ಕಲ್ಲು ಬರುವುದೂ ವಿಗ್ರಹ ಹೋಗುವುದೂ ವಾಹನದ ಮೇಲೆಯೇ ಆದುದರಿಂದ ಸಾಗಣೆ ವೆಚ್ಚವು ಈ ಕಸುಬಿನ ಲೆಕ್ಕದಲ್ಲಿ ಸಣ್ಣ ಬಾಬಲ್ಲ. ಮಾಲೂರು, ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಿಗೆ ಸರಕು ಒದಗಿಸುವ ಸಣ್ಣ ಘಟಕಗಳ ಸ್ಥಿತಿಯೂ, ಮುಳಬಾಗಿಲು, ಶ್ರೀನಿವಾಸಪುರಗಳ ವರ್ತಕರ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ಹತ್ತಿಪ್ಪತ್ತು ಕಿಲೋಮೀಟರುಗಳ ದಿನನಿತ್ಯದ ಓಡಾಟಕ್ಕೆ ಡೀಸೆಲ್ ಗಾಡಿಯ ಬದಲು ವಿದ್ಯುತ್ ಚಾಲಿತ ತ್ರಿಚಕ್ರ ಸರಕು ವಾಹನವನ್ನೋ ಕಾರನ್ನೋ ಕೊಳ್ಳುವ ಆಲೋಚನೆ ಇಂತಹವರಲ್ಲಿ ಮೂಡುವುದು ಸಹಜ.

ಆದರೆ ಈ ವ್ಯವಹಾರದ ಲಾಭನಷ್ಟ ಬಹುಮಟ್ಟಿಗೆ ಸರ್ಕಾರದ ರಿಯಾಯಿತಿಯನ್ನು ಅವಲಂಬಿಸಿದೆ. ರಿಯಾಯಿತಿಯು ದಿನಾಂಕವನ್ನು ಅವಲಂಬಿಸಿದೆ. ಆ ದಿನಾಂಕವಾದರೋ ಕೊಳ್ಳುವವನ ಕೈಯಲ್ಲಿಲ್ಲ. ಹಣ ಕಟ್ಟಿ ಕಾಯುತ್ತಿರುವಾಗಲೇ ನಿಯಮ ಬದಲಾದರೆ ನಷ್ಟ ಯಾರದು ಎಂಬ ಪ್ರಶ್ನೆಗೆ ನಮ್ಮ ಯೋಜನೆಗಳಲ್ಲಿ ನ್ಯಾಯವಾದ ಉತ್ತರವಿಲ್ಲ.

ಒಂದು ವಾಹನ, ಹಲವು ದಿನಾಂಕ

ಒಂದು ವಾಹನದ ಖರೀದಿಯಲ್ಲಿ ಮುಂಗಡ ಕಟ್ಟಿದ ದಿನ, ಸಾಲ ಮಂಜೂರಾದ ದಿನ, ನೋಂದಣಿಯಾದ ದಿನ, ಉಪಯೋಗಕ್ಕೆ ಬಂದ ದಿನ ಎಂದು ನಾಲ್ಕು ದಿನಗಳಿವೆ. ಒಂದೊಂದು ರಿಯಾಯಿತಿ ಒಂದೊಂದು ದಿನಕ್ಕೆ ಅಂಟಿಕೊಂಡಿದೆ. ಮುಂಗಡದ ದಿನಕ್ಕೆ ಮಾತ್ರ ಯಾವ ಬೆಲೆಯೂ ಇಲ್ಲ.

1961ರ ಆದಾಯ ತೆರಿಗೆ ಕಾಯ್ದೆಗೆ 2019ರಲ್ಲಿ ಸೇರಿಸಲಾದ 80ಇಇಬಿ ಕಲಮನ್ನು ನೋಡಬಹುದು. ವಿದ್ಯುತ್ ವಾಹನಕ್ಕಾಗಿ ಪಡೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ರೂ. 1.5 ಲಕ್ಷದವರೆಗೆ ಕಡಿತ ನೀಡಿದ ಈ ಕಲಮು 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಸಾಲ ಮಂಜೂರಾಗಿರಬೇಕೆಂದು ಮಾತ್ರ ಕೇಳಿತು. ವಾಹನ ಮನೆಗೆ ಬಂದ ದಿನವನ್ನು ಕೇಳಲಿಲ್ಲ. ವಿತರಣೆ ತಡವಾದವರಿಗೂ ಅರ್ಹತೆ ತಪ್ಪಲಿಲ್ಲ. ಇದು ವಿವೇಕದ ನಿಯಮ. ಆದರೆ ಇದರ ಪ್ರಯೋಜನ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗಳಿಗಾಗಲಿ ಕಂಪನಿಗಳಿಗಾಗಲಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೂ ಇಲ್ಲ. 2023ರ ಮಾರ್ಚ್ ನಂತರ ಮಂಜೂರಾದ ಸಾಲಗಳಿಗೆ ಅವಧಿಯನ್ನು ವಿಸ್ತರಿಸಲೂ ಇಲ್ಲ.

ಸಹಾಯಧನದ ಯೋಜನೆಗಳ ದಾರಿ ಬೇರೆ. 2019ರ ಏಪ್ರಿಲ್‌ನಲ್ಲಿ ಆರಂಭವಾದ ಫೇಮ್ ಎರಡನೆಯ ಹಂತದಲ್ಲಿ ದ್ವಿಚಕ್ರ ವಾಹನಗಳಿಗೆ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಗಂಟೆಗೆ ರೂ. 15,000ದವರೆಗೆ ಏರಿದ್ದ ನೆರವನ್ನು 2023ರ ಮೇ ತಿಂಗಳ ಅಧಿಸೂಚನೆಯೊಂದು ರೂ. 10,000ಕ್ಕೆ ಇಳಿಸಿತು. ವಾಹನದ ಬೆಲೆಯ ಶೇ. 40ರಷ್ಟಿದ್ದ ಗರಿಷ್ಠ ಮಿತಿ ಶೇ. 15ಕ್ಕೆ ಕುಸಿಯಿತು. ಜೂನ್ 1ರಿಂದ ನೋಂದಣಿಯಾಗುವ ವಾಹನಗಳಿಗೆಲ್ಲ ಇದು ಅನ್ವಯಿಸಿತು. ಎರಡು ವಾರವೂ ತುಂಬದ ಆ ಅವಧಿಯಲ್ಲಿ ವಾಹನ ಕೈಸೇರದವರು ಹೆಚ್ಚಿನ ಬೆಲೆ ತೆರಬೇಕಾಯಿತು.

2024ರ ಅಕ್ಟೋಬರ್ 1ರಿಂದ ರೂ. 10,900 ಕೋಟಿಯ ಪಿ.ಎಂ. ಇ-ಡ್ರೈವ್ ಯೋಜನೆ ಬಂತು. ಅದರಲ್ಲಿ ದ್ವಿಚಕ್ರ ವಾಹನಕ್ಕೆ ಮೊದಲ ವರ್ಷ ಗರಿಷ್ಠ ರೂ. 10,000, ಎರಡನೆಯ ವರ್ಷ ರೂ. 5,000 ಎಂದು ಗೊತ್ತುಪಡಿಸಲಾಯಿತು. ಸರಕು ಸಾಗಣೆಗೂ ಬಳಸುವ ಎಲ್-5 ವರ್ಗದ ತ್ರಿಚಕ್ರಗಳಿಗೆ ಇದ್ದ ಗರಿಷ್ಠ ರೂ. 50,000 ನೆರವು ರೂ. 25,000ಕ್ಕೆ ಇಳಿಯಬೇಕಾದದ್ದು ಮುಂದಿನ ಆರ್ಥಿಕ ವರ್ಷದಲ್ಲಿ. ಆದರೆ ಮೊದಲ ವರ್ಷದ ಗುರಿ ಬೇಗನೆ ಮುಗಿದುದರಿಂದ 2024ರ ನವೆಂಬರ್‌ನಲ್ಲಿಯೇ ಅದು ಇಳಿಯಿತು. ನಿಧಿಗೂ ಸಂಖ್ಯೆಗೂ ಮಿತಿಯಿರುವ ಯೋಜನೆಗಳಲ್ಲಿ ಪಂಚಾಂಗ ನೋಡಿ ಖರೀದಿಯ ದಿನ ನಿಶ್ಚಯಿಸಿದರೂ ರಕ್ಷಣೆಯಿಲ್ಲ ಎಂಬುದಕ್ಕೆ ಇದೇ ನಿದರ್ಶನ.

ವ್ಯಾಪಾರದ ಲೆಕ್ಕ

ಇನ್ನು ಸವಕಳಿಯ ವಿಷಯ. ವ್ಯವಹಾರಕ್ಕಾಗಿ ಬಳಸುವ ಸಾಮಾನ್ಯ ಕಾರಿಗೆ ಆದಾಯ ತೆರಿಗೆ ನಿಯಮಗಳು ಶೇ. 15ರ ಸವಕಳಿ ನೀಡಿದರೆ ವಿದ್ಯುತ್ ವಾಹನಕ್ಕೆ ಶೇ. 40 ನೀಡುತ್ತ ಬಂದಿವೆ. ಇಲ್ಲಿ ಗಣನೆಗೆ ಬರುವುದು ವಾಹನ ಉಪಯೋಗಕ್ಕೆ ಬಂದ ದಿನ. ಆರ್ಥಿಕ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಉಪಯೋಗವಾದರೆ ಆ ವರ್ಷ ಅರ್ಧ ಸವಕಳಿ ಮಾತ್ರ. ಆಗಸ್ಟ್‌ನಲ್ಲಿ ಬರಬೇಕಾದ ರೂ. 10 ಲಕ್ಷದ ವಾಹನ ನವೆಂಬರ್‌ನಲ್ಲಿ ಬಂದರೆ ಆ ವರ್ಷದ ಸವಕಳಿ ರೂ. 4 ಲಕ್ಷದಿಂದ ರೂ. 2 ಲಕ್ಷಕ್ಕೆ ಇಳಿಯುತ್ತದೆ; ಮಾರ್ಚ್ 31 ದಾಟಿದರೆ ಏನೂ ಇಲ್ಲ. ಉಳಿದ ಮೊತ್ತ ಮುಂದಿನ ವರ್ಷಗಳಲ್ಲಿ ದೊರೆಯುವುದು ನಿಜ. ಆದರೂ ಆ ವರ್ಷದ ತೆರಿಗೆ ಕಟ್ಟಲು ಬೇಕಾದ ನಗದನ್ನು ಹೊಂದಿಸುವವನು ವರ್ತಕನೇ.

ಸರಕು ಮತ್ತು ಸೇವಾ ತೆರಿಗೆಯು ವಿದ್ಯುತ್ ವಾಹನಗಳ ಮೇಲೆ 2019ರ ಆಗಸ್ಟ್‌ನಿಂದ ಶೇ. 5 ಇದೆ. 2025ರ ಸೆಪ್ಟೆಂಬರ್ 22ರಂದು ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳ ಹಾಗೂ ಸರಕು ವಾಹನಗಳ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿದ ಮೇಲೆ ಇವೆರಡರ ನಡುವಣ ಅಂತರ ಕಿರಿದಾಗಿದೆ. ತೆರಿಗೆ ಬೀಳುವ ಸರಕನ್ನು ತಯಾರಿಸುವ ನೋಂದಾಯಿತ ಘಟಕಕ್ಕೆ ಸರಕು ವಾಹನದ ಮೇಲಿನ ತೆರಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ ಮರಳುವುದರಿಂದ ದರದ ವ್ಯತ್ಯಾಸ ಹೆಚ್ಚು ತಟ್ಟದು. ಶಿವಾರಪಟ್ಟಣದ ಶಿಲ್ಪಿಯ ಸ್ಥಿತಿ ಹಾಗಲ್ಲ. ಕಲ್ಲಿನ ದೇವತಾ ವಿಗ್ರಹಗಳಿಗೆ 2018ರ ಜುಲೈನಿಂದ ಜಿ.ಎಸ್.ಟಿ. ವಿನಾಯಿತಿ ಇದೆ, ವಿನಾಯಿತಿ ಪಡೆದ ಸರಕಿಗೆ ಕ್ರೆಡಿಟ್ ಇಲ್ಲ. ವಾಹನದ ಮೇಲೆ ತೆತ್ತ ತೆರಿಗೆಯೆಲ್ಲ ಅವನಿಗೆ ಅಸಲು ವೆಚ್ಚವೇ. ಆದ್ದರಿಂದ ಕಡಿಮೆ ತೆರಿಗೆಯ ವಿದ್ಯುತ್ ವಾಹನ ಅವನಿಗೇ ಹೆಚ್ಚು ಉಪಯುಕ್ತ, ನೆರವು ತಪ್ಪಿದರೆ ಪೆಟ್ಟೂ ಅವನಿಗೇ ಹೆಚ್ಚು.

ಅನ್ಯರ ಅನುಭವ

ಅಮೆರಿಕದಲ್ಲಿ ವಿದ್ಯುತ್ ಕಾರಿಗೆ 7,500 ಡಾಲರುಗಳವರೆಗೆ ತೆರಿಗೆ ಜಮೆ ಇತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ಅದೇ ಸೆಪ್ಟೆಂಬರ್ 30ಕ್ಕೆ ಕೊನೆಗೊಳಿಸಿತು. ಕಾರಿಗಾಗಿ ಕಾಯುತ್ತಿದ್ದವರ ಗತಿಯೇನೆಂಬ ಪ್ರಶ್ನೆಗೆ ಅಲ್ಲಿಯ ತೆರಿಗೆ ಇಲಾಖೆ ಆಗಸ್ಟ್‌ನಲ್ಲಿ ಉತ್ತರ ಕೊಟ್ಟಿತು: ಆ ದಿನದೊಳಗೆ ಬದ್ಧತೆಯುಳ್ಳ ಲಿಖಿತ ಕರಾರು ಮಾಡಿಕೊಂಡು ಸ್ವಲ್ಪವಾದರೂ ಹಣ ಪಾವತಿಸಿದ್ದರೆ, ಕಾರು ನಂತರ ಕೈಸೇರಿದರೂ ಜಮೆ ದೊರೆಯುವುದು. 2022ರಲ್ಲಿ ಅರ್ಹತೆಯ ನಿಯಮಗಳು ಬಿಗಿಯಾದಾಗಲೂ ಮೊದಲೇ ಕರಾರು ಮಾಡಿಕೊಂಡವರಿಗೆ ಇಂತಹ ರಕ್ಷಣೆ ಇತ್ತು. ನೆರವನ್ನು ನಿಲ್ಲಿಸುವುದು ಸರ್ಕಾರದ ಅಧಿಕಾರ. ನಂಬಿ ಹಣ ಕಟ್ಟಿದವನನ್ನು ನಡುದಾರಿಯಲ್ಲಿ ಕೈಬಿಡದಿರುವುದು ಅದರ ಧರ್ಮ.

ಆಕ್ಷೇಪಣೆಗೆ ಉತ್ತರ

ಮುಂಗಡದ ದಿನವನ್ನು ಮಾನ್ಯ ಮಾಡಿದರೆ ಹುಸಿ ಬುಕಿಂಗ್‌ಗಳು ಹೆಚ್ಚುವುವು, ಹಿಂದಿನ ದಿನಾಂಕದ ರಸೀತಿಗಳು ಹುಟ್ಟುವುವು, ಖಜಾನೆಯ ಹೊರೆ ಎಷ್ಟೆಂಬುದು ತಿಳಿಯದಾಗುವುದು ಎಂಬ ಆಕ್ಷೇಪಣೆ ಇದೆ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಪರಿಹಾರ ಸರ್ಕಾರದ ಕೈಯಲ್ಲಿಯೇ ಇದೆ. ಪಿ.ಎಂ. ಇ-ಡ್ರೈವ್ ಯೋಜನೆ ಖರೀದಿಯ ವೇಳೆ ಆಧಾರ್ ದೃಢೀಕರಣದ ಇ-ವೋಚರ್ ನೀಡುವ ಏರ್ಪಾಡನ್ನು ರೂಪಿಸಿತು. ಅದೇ ವೋಚರನ್ನು ಬ್ಯಾಂಕಿನ ಮೂಲಕ ಶೇ. 10ರಷ್ಟು ಮುಂಗಡ ಪಾವತಿಸಿದ ದಿನವೇ ನೀಡಿ, 120 ದಿನಗಳ ಅವಧಿ ಗೊತ್ತುಮಾಡಿದರೆ ಸಾಕು. ಬ್ಯಾಂಕಿನ ದಾಖಲೆಯಲ್ಲಿ ದಿನಾಂಕ ತಿದ್ದಲಾಗದು. ಎಷ್ಟು ವೋಚರುಗಳು ಬಾಕಿ ಇವೆಯೆಂಬ ಲೆಕ್ಕದಿಂದ ಖಜಾನೆಯ ಹೊರೆಯೂ ಮುಂಚಿತವಾಗಿಯೇ ತಿಳಿಯುತ್ತದೆ. ಅವಧಿಯೊಳಗೆ ವಾಹನ ಒದಗಿಸದ ತಯಾರಕ ನೆರವಿನ ನಷ್ಟವನ್ನು ತಾನೇ ಭರಿಸಬೇಕೆಂಬ ಷರತ್ತೂ ಇರಲಿ. ರಾಜ್ಯ ಸರ್ಕಾರಕ್ಕೂ ಇದೇ ಮಾತು ಸಲ್ಲುತ್ತದೆ. 2017ರಲ್ಲಿಯೇ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಕರ್ನಾಟಕ 2024ರಲ್ಲಿ ರೂ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇ. 10 ಜೀವಿತಾವಧಿ ತೆರಿಗೆ ವಿಧಿಸಿತು. ಇಂತಹ ಬದಲಾವಣೆಗಳಲ್ಲಿಯೂ ಮೊದಲೇ ಹಣ ಕಟ್ಟಿದವರಿಗೆ ರಕ್ಷಣೆ ಇರತಕ್ಕದ್ದು.

ಸದಸ್ಯರು ಮಾಡಬೇಕಾದದ್ದು

ನಿಯಮ ಬದಲಾಗುವವರೆಗೆ ವರ್ತಕರು ತಮ್ಮ ಹಿತವನ್ನು ತಾವೇ ನೋಡಿಕೊಳ್ಳಬೇಕು. ವಿತರಣೆಯ ದಿನ ಜಾರಿಯಲ್ಲಿರುವ ಬೆಲೆಯೇ ಅನ್ವಯಿಸುವುದು ಎಂಬ ಸಾಲು ಬುಕಿಂಗ್ ನಮೂನೆಗಳಲ್ಲಿ ಸಾಮಾನ್ಯ. ಅದನ್ನು ಓದದೆ ಸಹಿ ಹಾಕುವುದು ತರವಲ್ಲ. ವಿತರಣೆಯ ಕೊನೆಯ ದಿನ, ತಡವಾದರೆ ಮುಂಗಡದ ವಾಪಸಾತಿ, ಸಹಾಯಧನ ಇಳಿದರೆ ನಷ್ಟ ಯಾರದು ಎಂಬ ಮೂರು ಅಂಶಗಳನ್ನು ಲಿಖಿತವಾಗಿ ಪಡೆಯಬೇಕು. ಸವಕಳಿ ಬಯಸುವವರು ವಾಹನ ಅಕ್ಟೋಬರ್ ಆರಂಭದೊಳಗೆ ಉಪಯೋಗಕ್ಕೆ ಬರುವಂತೆ ಮೊದಲೇ ಕಾಯ್ದಿರಿಸುವುದು ಲೇಸು. ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಪ್ರತ್ಯೇಕ ಸವಕಳಿ ದೊರೆಯದೆಂಬುದೂ ನೆನಪಿನಲ್ಲಿರಲಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟರೂ ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಕೊಂಡವರನ್ನು ಗ್ರಾಹಕರೆಂದೇ ಪರಿಗಣಿಸುತ್ತದೆ. ಒಂದೇ ವಾಹನ ಕೊಂಡು ತಾನೇ ಓಡಿಸುವ ಶಿಲ್ಪಿಗೂ ಚಿಲ್ಲರೆ ವರ್ತಕನಿಗೂ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ.

ನರಸಾಪುರದ ಕಾರ್ಖಾನೆಯಲ್ಲಿ ವಿದ್ಯುತ್ ಸ್ಕೂಟರುಗಳು ತಯಾರಾದ ಜಿಲ್ಲೆ ಕೋಲಾರ. ವಾಹನ ತಯಾರಿಸುವವರಿಗೆ ಸರ್ಕಾರ ವರ್ಷಗಟ್ಟಲೆಯ ಭರವಸೆ ನೀಡಬಲ್ಲುದಾದರೆ, ಅದನ್ನು ಕೊಳ್ಳಲು ಮುಂಗಡ ಕಟ್ಟಿದವನಿಗೆ ನಾಲ್ಕು ತಿಂಗಳ ಭರವಸೆ ನೀಡುವುದು ದುಸ್ಸಾಧ್ಯವೇನಲ್ಲ. ವಾಣಿಜ್ಯ ಮಂಡಳಿಗಳು ಕೇಂದ್ರದ ಬೃಹತ್ ಕೈಗಾರಿಕಾ ಸಚಿವಾಲಯದ ಮುಂದೆ ಒಕ್ಕೊರಲಿನಿಂದ ಇಡಬೇಕಾದ ಬೇಡಿಕೆ ಇದೊಂದೇ: ಅರ್ಹತೆ ನಿರ್ಧಾರವಾಗುವುದು ಹಣ ಕಟ್ಟಿದ ದಿನಕ್ಕೆ, ಗಾಡಿ ಬಂದ ದಿನಕ್ಕಲ್ಲ.