ಹಳೆಯ ಇಂಗ್ಲಿಷ್ ಚಿತ್ರಗಳು ಟ್ಯೂಷನ್ ಮಾಸ್ತರುಗಳಲ್ಲ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈಗ ತಂದೆತಾಯಿಗಳಾಗಿದ್ದಾರೆ. ಬೆಂಗಳೂರು, ಪುಣೆ, ಗೋವೆಗಳಲ್ಲಿ ನೆಲೆಸಿರುವ ಅವರು ಆಗಾಗ ದೂರವಾಣಿ ಮಾಡಿ ಕುಶಲ ವಿಚಾರಿಸುತ್ತಾರೆ. ಇದು ನಮ್ಮಂಥ ನಿವೃತ್ತರಿಗೆ ದೊಡ್ಡ ಸಂತೋಷ. ಆದರೆ ಮಾತು ಮುಗಿಯುವ ಹೊತ್ತಿಗೆ ಅನೇಕರು ಒಂದು ಪ್ರಶ್ನೆಯನ್ನು ಕೇಳುತ್ತಾರೆ: "ಸರ್, ನೀವು ಮನೆಯಲ್ಲಿ ಹಳೆಯ ಹಾಲಿವುಡ್ ಚಿತ್ರಗಳನ್ನು ನೋಡುತ್ತೀರಲ್ಲ, ಮಗಳ ಇಂಗ್ಲಿಷ್ ಸುಧಾರಿಸಬೇಕಾದರೆ ಯಾವುದನ್ನು ತೋರಿಸಲಿ?" ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪ್ರೀತಿಯಿಂದ ಮಾತನಾಡಿಸಿದವರ ಮೇಲೆ ದೂರವಾಣಿಯಲ್ಲಿ ರೇಗುವುದು ಸಭ್ಯತೆಯಲ್ಲ. ಆದ್ದರಿಂದ ಆ ಕೆಲಸವನ್ನು ಇಲ್ಲಿ ಮಾಡುತ್ತಿದ್ದೇನೆ.

ಬಂಧುಗಳ ಮನೆಯೊಂದರಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ 1957ರ 'ಟ್ವೆಲ್ವ್ ಆಂಗ್ರಿ ಮೆನ್' ಚಿತ್ರ ನಡೆಯುತ್ತಿತ್ತು. ಕೊಲೆಯ ಆರೋಪ ಹೊತ್ತ ಹುಡುಗನೊಬ್ಬನ ಜೀವ ಹನ್ನೆರಡು ಮಂದಿ ಪಂಚರ ಕೈಯಲ್ಲಿದೆ. ಬಹುಮಟ್ಟಿಗೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ, ಸೆಖೆಯಲ್ಲಿ ಬೆವರುತ್ತ ಸಾಗುತ್ತದೆ. ಅಂಥದ್ದು ಇನ್ನೊಂದಿಲ್ಲವೆಂದು ಎಲ್ಲರೂ ನಂಬಿದ್ದ ಚೂರಿಯ ಜೋಡಿಯನ್ನು ಹೆನ್ರಿ ಫೋಂಡಾ ತನ್ನ ಕಿಸೆಯಿಂದ ತೆಗೆದು ಮೇಜಿಗೆ ನಾಟಿದ. ಮನೆಯ ಹುಡುಗ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಿದ. ಅಷ್ಟರಲ್ಲಿ ಅವನ ತಂದೆ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿ, "'ರೀಸನಬಲ್ ಡೌಟ್' ಅಂದರೇನು, ಬರೆದುಕೊಂಡೆಯಾ?" ಎಂದರು. ಹುಡುಗನ ತೊಡೆಯ ಮೇಲೆ ನೋಟುಬುಕ್ಕು ಇದ್ದುದನ್ನು ನಾನು ಗಮನಿಸಿದ್ದು ಆಗಲೇ. ಆ ಹುಡುಗ ಇನ್ನು ಜನ್ಮದಲ್ಲಿ ಹಳೆಯ ಚಿತ್ರವೊಂದನ್ನು ತಾನಾಗಿ ಹಾಕಿಕೊಂಡು ನೋಡಿಯಾನೆ? ಮೂರು ದಶಕ ಪಾಠ ಹೇಳಿದವನ ಅನುಭವದಿಂದ ಹೇಳುತ್ತೇನೆ: ಯಾವುದನ್ನು ಪರೀಕ್ಷೆಯ ವಿಷಯ ಮಾಡುತ್ತೇವೆಯೋ ಅದರ ಮೇಲೆ ಮಕ್ಕಳಿಗೆ ಅರ್ಧ ಪ್ರೀತಿ ಅಂದೇ ಹೋಗುತ್ತದೆ. ಪಾಪ, ಪದ್ಯಗಳ ಗತಿ ಏನಾಯಿತೆಂಬುದು ನಿಮಗೆಲ್ಲ ಗೊತ್ತು.

ಅಷ್ಟಕ್ಕೂ ಈ ಚಿತ್ರಗಳೆಲ್ಲ ಇಂಗ್ಲಿಷಿನ ಸೊತ್ತು ಎಂದವರಾರು? ಸಿನಿಮಾ ಮಾತು ಕಲಿತದ್ದು 1927ರ 'ದ ಜಾಝ್ ಸಿಂಗರ್' ಚಿತ್ರದಿಂದೀಚೆಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದಾಗಿ ನಾಲ್ಕು ವರ್ಷಗಳ ಮೇಲೆ, 1931ರಲ್ಲಿ, ಚಾರ್ಲಿ ಚಾಪ್ಲಿನ್ ಹಟ ಹಿಡಿದು 'ಸಿಟಿ ಲೈಟ್ಸ್' ಚಿತ್ರವನ್ನು ಸಂಭಾಷಣೆಯಿಲ್ಲದೆಯೇ ತೆಗೆದ. 1936ರ 'ಮಾಡರ್ನ್ ಟೈಮ್ಸ್'ನಲ್ಲಿ ಅವನ ಅಲೆಮಾರಿ ಕೊನೆಗೊಮ್ಮೆ ಬಾಯಿ ತೆರೆಯುತ್ತಾನೆ. ಹೋಟೆಲಿನಲ್ಲಿ ಹಾಡಬೇಕಾಗಿದೆ; ಸಾಹಿತ್ಯ ನೆನಪಿರದು ಎಂದು ಅಂಗಿಯ ತೋಳಪಟ್ಟಿಯ ಮೇಲೆ ಬರೆದುಕೊಂಡಿದ್ದಾನೆ; ಕುಣಿಯುವ ರಭಸಕ್ಕೆ ಆ ಪಟ್ಟಿಗಳೇ ಹಾರಿಹೋಗುತ್ತವೆ. ಆಗ ಅವನು ಹಾಡುವುದು ಯಾವ ದೇಶದ್ದೂ ಅಲ್ಲದ, ಅರ್ಥವೇ ಇಲ್ಲದ ಶಬ್ದಗಳನ್ನು. ಆದರೂ ಹಾಡಿನ ಕಥೆ ಪೂರ್ತಿ ತಿಳಿಯುತ್ತದೆ. ಜಗತ್ತು ಇಷ್ಟು ವರ್ಷ ಕಾದು ಕೇಳಿದ ಆ ದನಿಯಲ್ಲಿ ಒಂದೇ ಒಂದು ನೆಟ್ಟಗಿನ ಇಂಗ್ಲಿಷ್ ವಾಕ್ಯವಿಲ್ಲ. ಇಂಗ್ಲಿಷ್ ಸುಧಾರಣೆಯ ಆಸೆಯುಳ್ಳ ಪಾಲಕರು ಈ ದೃಶ್ಯದ ಬಗ್ಗೆ ಚಾಪ್ಲಿನ್ ಮೇಲೆ ದಾವೆ ಹೂಡಬಹುದು.

ನಾನು ಬಹುಕಾಲ ಕೆಲಸ ಮಾಡಿದ್ದು ಕದ್ರಾ ಆಸುಪಾಸಿನಲ್ಲಿ. ಕಾಳಿ ನದಿಗೆ ಮೇಲೆ 1980ರ ದಶಕದಲ್ಲಿ ಸೂಪಾ ಅಣೆಕಟ್ಟು ಬಂದು ಸೂಪಾ ಪೇಟೆಯೇ ನೀರಿನಡಿ ಸೇರಿತು. 1990ರ ದಶಕದ ಕೊನೆಗೆ ಕೊಡಸಳ್ಳಿಯೂ ಕದ್ರಾ ಅಣೆಕಟ್ಟೂ ಸಿದ್ಧವಾದವು. ಕದ್ರಾದ ಮೂರು ಯಂತ್ರಗಳು ಸೇರಿ 150 ಮೆಗಾವ್ಯಾಟ್ ವಿದ್ಯುತ್ತು. 2000ದಲ್ಲಿ ಕೈಗಾದ ಮೊದಲೆರಡು ಅಣು ಘಟಕಗಳೂ ವಿದ್ಯುತ್ ಕೊಡತೊಡಗಿದವು. ನನ್ನ ತರಗತಿಯ ಒಂದೇ ಬೆಂಚಿನ ಮೇಲೆ ಅಣೆಕಟ್ಟು ಕಟ್ಟಲು ಬಂದವರ ಮಗ, ಯಂತ್ರ ನಡೆಸುವವರ ಮಗಳು, ಗದ್ದೆ ಮುಳುಗಿಸಿಕೊಂಡವರ ಮೊಮ್ಮಗ ಒಟ್ಟಿಗೆ ಕುಳಿತಿರುತ್ತಿದ್ದರು. ಮನೆಯಲ್ಲಿ ಒಬ್ಬರದು ಕೊಂಕಣಿ, ಒಬ್ಬರದು ಮರಾಠಿ, ಒಬ್ಬರದು ಕನ್ನಡ. ನಮ್ಮ ಪಠ್ಯಪುಸ್ತಕದಲ್ಲಿ ಅಣೆಕಟ್ಟಿನ ಉಪಯೋಗಗಳು ಎಂಬ ಶೀರ್ಷಿಕೆಯಡಿ ಐದು ಅಂಶಗಳಿದ್ದವು. ಊರು ಬಿಡುವುದೆಂದರೇನು ಎಂಬುದು ಆ ಐದರಲ್ಲಿ ಇರಲಿಲ್ಲ.

ಅದು ಇದ್ದದ್ದು 1960ರ ಹಾಲಿವುಡ್ ಚಿತ್ರವೊಂದರಲ್ಲಿ. ಎಲಿಯಾ ಕಜಾನ್ ನಿರ್ದೇಶನದ 'ವೈಲ್ಡ್ ರಿವರ್'. ಅಮೆರಿಕದಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ, 1933ರಲ್ಲಿ, ಟೆನ್ನೆಸಿ ಕಣಿವೆ ಪ್ರಾಧಿಕಾರ ಹುಟ್ಟಿತು; ನಮ್ಮ 1948ರ ದಾಮೋದರ ಕಣಿವೆ ನಿಗಮಕ್ಕೆ ಅದೇ ಮಾದರಿ. ಚಿತ್ರದಲ್ಲಿ ಆ ಪ್ರಾಧಿಕಾರದ ತರುಣ ಅಧಿಕಾರಿಯೊಬ್ಬ ಹೊಳೆಯ ನಡುಗಡ್ಡೆಗೆ ಬರುತ್ತಾನೆ. ಅಲ್ಲಿ ಎಲ್ಲಾ ಗಾರ್ತ್ ಎಂಬ ಎಂಬತ್ತರ ಮುದುಕಿ ಜಾಗ ಬಿಡುವುದಿಲ್ಲವೆಂದು ಕುಳಿತಿದ್ದಾಳೆ. ಮುದುಕಿಯ ಪಾತ್ರ ಮಾಡಿದ ಜೋ ವ್ಯಾನ್ ಫ್ಲೀಟ್‌ಗೆ ಆಗ ನಲವತ್ತೈದರ ಆಸುಪಾಸು ಎಂದರೆ ನೀವು ನಂಬಲಾರಿರಿ. ಮುದುಕಿ ತನ್ನ ಆಳೊಬ್ಬನನ್ನು ಎಲ್ಲರೆದುರು ಕರೆದು, ನಿನ್ನ ನಾಯಿಯನ್ನು ನನಗೆ ಮಾರು ಎನ್ನುತ್ತಾಳೆ. ಅವನು ಒಲ್ಲೆ ಎನ್ನುತ್ತಾನೆ. ಬೆಲೆ ಕೊಡುತ್ತೇನೆ, ನೀನು ಮಾರಲೇಬೇಕು ಎಂದು ಗದರಿಸುತ್ತಾಳೆ. ಅವನು ನಡುಗುತ್ತಲೇ ಮತ್ತೆ ಒಲ್ಲೆ ಎನ್ನುತ್ತಾನೆ. ಆಗ ಅಧಿಕಾರಿಯತ್ತ ತಿರುಗುತ್ತಾಳೆ. ಭೂಸ್ವಾಧೀನ ಕಾಯಿದೆಯ ಮೇಲೆ ನಾನು ಓದಿದ ಯಾವ ಲೇಖನವೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಬಂಧುವೊಬ್ಬರು ಅಮೆರಿಕದಿಂದ ತಂದುಕೊಟ್ಟ ಡಿವಿಡಿಯಲ್ಲಿ ನಾವು ಇದನ್ನು ಮನೆಯಲ್ಲಿ ನೋಡಿದೆವು. ಆಷಾಢದ ಮಳೆ. ವಿದ್ಯುತ್ತು ಹುಟ್ಟುವ ಊರಿನಲ್ಲಿ ವಿದ್ಯುತ್ತು ಹೋಗುವುದೂ ಹೆಚ್ಚು. ಇನ್ವರ್ಟರ್ ಕೃಪೆಯಿಂದ ಪ್ರದರ್ಶನ ನಡೆಯಿತು. ನೆರೆಮನೆಯ ಅಜ್ಜಿಯೊಬ್ಬರು ಬಂದಿದ್ದರು. ಅವರ ಗಂಡನ ಮನೆ, ತೆಂಗಿನ ಮರಗಳು, ದೇವರ ಕಟ್ಟೆ ಎಲ್ಲ ಈಗ ನೀರಿನಡಿ. ಇಂಗ್ಲಿಷಿನ ಒಂದಕ್ಷರ ಅವರಿಗೆ ಬಾರದು. ಅಗತ್ಯವಿದ್ದಲ್ಲಿ ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. ನಾಯಿಯ ದೃಶ್ಯಕ್ಕೆ ಹೇಳಬೇಕಾಗಲಿಲ್ಲ. "ಮಾಸ್ತರ್ರೇ, ಮಾರೂದಿಲ್ಲ ಅಂದ್ನಲ್ಲ ಅವ? ಸರಿ ಅಂದ. ದುಡ್ಡು ಕೊಟ್ರೆ ಎಲ್ಲಾ ಬತ್ತದೆ ಅಂದ್ಕಂಡಾರೆ" ಎಂದರು. ಚಿತ್ರದ ಕೊನೆಗೆ ಹೊಸ ಮನೆಯ ಜಗಲಿಯಲ್ಲಿ ಕುಳಿತ ಆ ಮುದುಕಿ ಹೆಚ್ಚು ದಿನ ಬಾಳುವುದಿಲ್ಲ. ಅಜ್ಜಿ ಅದನ್ನೂ ಮೊದಲೇ ಹೇಳಿಬಿಟ್ಟರು. ಅಂದು ನಮ್ಮೊಡನೆ ಕುಳಿತಿದ್ದ ಇಂಗ್ಲಿಷ್ ಮಾಧ್ಯಮದ ಇಬ್ಬರು ಪದವೀಧರರಿಗೆ ಸಂಭಾಷಣೆ ಪೂರ್ತಿ ತಿಳಿದಿತ್ತು; ಚಿತ್ರ ಪೂರ್ತಿ ತಿಳಿದದ್ದು ಅಜ್ಜಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಮಾತು. ಕಜಾನ್ ಮುದುಕಿಯ ಪಕ್ಷ ವಹಿಸಿ ಕಣ್ಣೀರು ಹರಿಸುವುದಿಲ್ಲ. ಚಿತ್ರ ಆರಂಭವಾಗುವುದೇ ಪ್ರವಾಹದಲ್ಲಿ ತನ್ನವರನ್ನು ಕಳೆದುಕೊಂಡವನ ಮಾತಿನಿಂದ. ಅಣೆಕಟ್ಟು ಬೇಕು, ಮುದುಕಿಯೂ ಸರಿ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯ ಗೇಟುಗಳನ್ನು ತೆರೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡ ನಮಗೆ ಈ ಎರಡೂ ಮಾತುಗಳು ಒಟ್ಟಿಗೆ ಮನಸ್ಸಿನಲ್ಲಿ ನಿಲ್ಲುವುದು ಎಷ್ಟು ಕಷ್ಟವೆಂದು ಗೊತ್ತಿದೆ. ಇಂಥ ಚಿತ್ರವನ್ನು ಉಚ್ಚಾರಣೆ ತಿದ್ದಿಕೊಳ್ಳಲು ಬಳಸುವುದೆಂದರೆ ಗಂಧದ ಕೊರಡನ್ನು ಬಚ್ಚಲ ಒಲೆಗೆ ಇಟ್ಟಂತೆ.

ಹಾಗಾದರೆ ಅಜ್ಜಿಯ ಪಕ್ಕದಲ್ಲಿ ಕುಳಿತು ಹೇಳಲು ಎಲ್ಲ ಮನೆಯಲ್ಲೂ ಒಬ್ಬ ಮಾಸ್ತರು ಇರಬೇಕೆ? ಬೇಕಾಗಿದ್ದುದು ಕನ್ನಡದ ಅಡಿಬರಹ, ಅಥವಾ ಕನ್ನಡದ ದನಿ. ಅದು ಸಿಗದಂತೆ ಬಾಗಿಲು ಹಾಕಿದವರು ಹಾಲಿವುಡ್ಡಿನವರಲ್ಲ, ನಮ್ಮವರೇ. 1960ರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆದಾಗ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಇನ್ನೂ ಮದರಾಸಿನ ನೆರಳಿನಲ್ಲಿತ್ತು, ನಮ್ಮ ಕಲಾವಿದರಿಗೆ ಕೆಲಸವಿರಲಿಲ್ಲ. ಅನಕೃ ಅವರಂಥವರ ಹೋರಾಟವನ್ನು ನಾನು ಗೌರವಿಸುತ್ತೇನೆ. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದಿದ್ದರೆ? ಕಾನೂನಿನ ಯಾವ ಆಧಾರವೂ ಇಲ್ಲದ ಆ ನಿಷೇಧ ಅರ್ಧ ಶತಮಾನ ಉಳಿಯಿತು. 2012ರಲ್ಲಿ 'ಸತ್ಯಮೇವ ಜಯತೆ' ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಗಳಲ್ಲಿ ಬಂತು, ಕನ್ನಡದಲ್ಲಿ ಬರಗೊಡಲಿಲ್ಲ. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2015ರ ಜುಲೈನಲ್ಲಿ ಈ ತಡೆ ತಪ್ಪೆಂದು ತೀರ್ಮಾನಿಸಿ ದಂಡ ವಿಧಿಸಿದ ಬಳಿಕವೇ ಬಾಗಿಲು ಸಡಿಲಾದದ್ದು. 2022ರಲ್ಲಿ 'ಅವತಾರ್' ಎರಡನೆಯ ಭಾಗ ಕನ್ನಡದಲ್ಲೂ ಬಿಡುಗಡೆಯಾಯಿತು. ಸಂತೋಷ. ಆದರೆ ನೀಲಿ ಬಣ್ಣದ ಅನ್ಯಗ್ರಹವಾಸಿಗಳು ಕನ್ನಡ ಮಾತನಾಡಬಹುದಾದರೆ, ಹೊಳೆದಂಡೆಯ ಒಬ್ಬ ಮುದುಕಿ ಏಕೆ ಮಾತನಾಡಬಾರದು?

ಕನ್ನಡ ಕೆಡುತ್ತದೆ ಎನ್ನುವವರಿಗೆ ನಾನು ನೆನಪಿಸುವುದು ಇಷ್ಟೇ. ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಕೊಟ್ಟರು, ಗ್ರೀಕ್ ನಾಟಕದಿಂದ 'ಅಶ್ವತ್ಥಾಮನ್' ರಚಿಸಿದರು. ಕುವೆಂಪು ಹ್ಯಾಮ್ಲೆಟ್‌ನನ್ನು 'ರಕ್ತಾಕ್ಷಿ'ಯಾಗಿ ಬಿದನೂರಿನ ನೆಲಕ್ಕೆ ತಂದರು. ಕನ್ನಡ ಕೆಟ್ಟಿತೆ? ನಮ್ಮ ಘಟ್ಟದ ಮೇಲಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಿಂದಲೇ ನೀನಾಸಂ ಮೂಲಕ ಅಡಿಕೆ ತೋಟದ ಜನರಿಗೆ ಜಗತ್ತಿನ ಮೇರು ಚಿತ್ರಗಳನ್ನು ತೋರಿಸಿ, ಕನ್ನಡದಲ್ಲಿಯೇ ಅವುಗಳ ಮೇಲೆ ಚರ್ಚೆ ನಡೆಸಿದರು. ಆ ಜನ ನೋಟುಬುಕ್ಕು ಹಿಡಿದು ಶಬ್ದಾರ್ಥ ಬರೆಯಲಿಲ್ಲ.

ಸಂಸ್ಕೃತಿ ರಕ್ಷಕರ ವಿಷಯವನ್ನು ಬೇಗ ಮುಗಿಸುತ್ತೇನೆ, ಹೆಚ್ಚು ಹೇಳುವಂಥದ್ದಿಲ್ಲ. ಭಟ್ಕಳ ದಾಟಿದರೆ ಸಿಗುವ ಬೈಂದೂರು ಸಮೀಪದ ಒತ್ತಿನೆಣೆಯಲ್ಲಿ 2009ರಲ್ಲಿ ನಿರ್ದೇಶಕ ಹೇಮಂತ್ ಹೆಗಡೆ ತಮ್ಮ ಚಿತ್ರಕ್ಕಾಗಿ ಚಾಪ್ಲಿನ್‌ನ 67 ಅಡಿ ಎತ್ತರದ ಪ್ರತಿಮೆ ನಿಲ್ಲಿಸಹೊರಟಾಗ, ಅವನು ಕ್ರೈಸ್ತನೆಂದು ತಡೆದರು. 1931ರಲ್ಲಿ ಲಂಡನ್ನಿನಲ್ಲಿ ಗಾಂಧೀಜಿಯವರನ್ನು ಕಂಡು, ಯಂತ್ರಗಳನ್ನು ನೀವೇಕೆ ವಿರೋಧಿಸುತ್ತೀರಿ ಎಂದು ಕೇಳಿ ತಿಳಿದುಕೊಂಡವನು ಅದೇ ಚಾಪ್ಲಿನ್. ಐದು ವರ್ಷಗಳ ಮೇಲೆ ಮನುಷ್ಯನನ್ನೇ ನುಂಗುವ ಯಂತ್ರವನ್ನು ತೆರೆಯ ಮೇಲೆ ತಂದ. ಯಕ್ಷಗಾನದ ಹಾಸ್ಯಗಾರನನ್ನು ತಲೆಯ ಮೇಲೆ ಹೊತ್ತು ಮೆರೆಸುವ ಕರಾವಳಿಗೆ ಅವನು ಪರಕೀಯನೆ? ಹೊರೆ ಹೊತ್ತವನ ನಡಿಗೆಯಿಂದಲೇ ನಗಿಸುವ ವಿದ್ಯೆ ಇಬ್ಬರದೂ ಒಂದೇ.

ಈಗ ನನ್ನ ಶಿಷ್ಯರಿಗೆ ನೇರವಾಗಿ ಒಂದು ಕೆಲಸ. ನಿಮ್ಮಲ್ಲಿ ಅನೇಕರು ಗಣಕಯಂತ್ರದ ಉದ್ಯೋಗದಲ್ಲಿದ್ದೀರಿ. ಅಡಿಬರಹದ ಕಡತವೆಂದರೆ ಬರಿಯ ಪಠ್ಯ: ಒಂದು ಕ್ರಮಸಂಖ್ಯೆ, ಮಾತು ಆರಂಭವಾಗುವ ಮತ್ತು ಮುಗಿಯುವ ಸಮಯ, ಕೆಳಗೆ ಮಾತು. ಯುನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಬಲ್ಲ ಯಾರೂ ಇದನ್ನು ಬರೆಯಬಹುದು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವ ಬಸ್ಟರ್ ಕೀಟನ್‌ನ 1926ರ 'ದ ಜನರಲ್' ಚಿತ್ರದಿಂದ ನಾನು ಆರಂಭಿಸಿದ್ದೇನೆ. ಅದು ಮೂಕಿ, ನಡುನಡುವೆ ಬರುವ ಬರಹದ ಫಲಕಗಳನ್ನಷ್ಟೇ ಕನ್ನಡಿಸಿದರೆ ಸಾಕು. ಕೊಂಕಣ ರೈಲು ಬರುವ ಮೊದಲು ರೈಲನ್ನೇ ಕಾಣದಿದ್ದ ನಮ್ಮ ತಾಲೂಕಿನವರಿಗೆ ಆ ರೈಲಿನ ಹಿಂದೆ ಓಡುವ ಮನುಷ್ಯ ಅರ್ಥವಾಗದಿರಲು ಸಾಧ್ಯವಿಲ್ಲ.

'ಟ್ವೆಲ್ವ್ ಆಂಗ್ರಿ ಮೆನ್' ಮಾತ್ರ ಹಾಗಲ್ಲ. ಅಲ್ಲಿ ಮಾತೇ ಜೀವಾಳ, ಹನ್ನೆರಡು ಜನರಿಗೆ ಹನ್ನೆರಡು ಬಗೆಯ ಕನ್ನಡ ಬೇಕು. ಒಬ್ಬನಿಂದ ಆಗುವ ಕೆಲಸವಲ್ಲ, ನನ್ನ ಬೆರಳಚ್ಚೂ ಬಲು ನಿಧಾನ. 'ರೀಸನಬಲ್ ಡೌಟ್' ಎಂಬುದಕ್ಕೆ 'ಸಕಾರಣ ಸಂಶಯ' ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ, ಆದರೆ ಸಿಟ್ಟಿಗೆದ್ದ ಮನುಷ್ಯ ಹಾಗೆ ಮಾತನಾಡುವುದಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರು ಇದಕ್ಕೆ ಏನೆನ್ನುತ್ತಾರೆ, ಕೇಳಿ ತಿಳಿಸಿ.