ಸಂಬಳ ತರುವ ಕಂಪ್ಯೂಟರ್ ಭಾಷೆ ಯಾವುದು?

ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರಿನಿಂದ ಪದವಿ ಮುಗಿಸಿ ಬೆಂಗಳೂರಿನ ಬಸ್ಸೇರುವ ತರುಣನ ಮುಂದಿರುವ ಮೊದಲ ಪ್ರಶ್ನೆ: ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಹೆಚ್ಚು ಸಂಬಳ? ತರಬೇತಿ ಕೇಂದ್ರಗಳ ಬಳಿ ಉತ್ತರ ಸಿದ್ಧವಾಗಿರುತ್ತದೆ. ಶುಲ್ಕಕ್ಕಾಗಿ ಮನೆಯವರು ಸಾಲ ಮಾಡುತ್ತಾರೆ. ಆದ್ದರಿಂದ ಇದು ಕೇವಲ ತಂತ್ರಜ್ಞಾನದ ಪ್ರಶ್ನೆಯಲ್ಲ. ಮಳೆಯನ್ನೇ ನಂಬಿದ ಕುಟುಂಬವೊಂದರ ಬಂಡವಾಳದ ಪ್ರಶ್ನೆ.

ಇದರ ಅಪಾಯವನ್ನು ರೈತ ಬಲ್ಲ. ಹಿಂದಿನ ವರ್ಷ ಈರುಳ್ಳಿಗೆ ಒಳ್ಳೆಯ ಧಾರಣೆ ಬಂದಿತೆಂದು ಎಲ್ಲರೂ ಈರುಳ್ಳಿಯನ್ನೇ ಬೆಳೆದರೆ ಸುಗ್ಗಿಯ ಹೊತ್ತಿಗೆ ಬೆಲೆ ಕುಸಿದಿರುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಸಿದ್ಧಾಂತವೆಂದು ಹೆಸರು. ಅಮೆರಿಕದ ಎಂಜಿನಿಯರುಗಳ ಆರಂಭಿಕ ಸಂಬಳಕ್ಕೆ ಅರ್ಥಶಾಸ್ತ್ರಜ್ಞ ರಿಚರ್ಡ್ ಫ್ರೀಮನ್ 1976ರಲ್ಲಿಯೇ ಇದನ್ನು ಅನ್ವಯಿಸಿದ್ದರು. ಇಂದಿನ ಸಂಬಳ ನೋಡಿ ಕಲಿಯಲು ಹೊರಟವನು ಮಾರುಕಟ್ಟೆಗೆ ಬರುವುದು ತಡವಾಗಿ, ತನ್ನಂಥ ಸಾವಿರಾರು ಮಂದಿಯೊಡನೆ.

ನಿದರ್ಶನ ದೂರವಿಲ್ಲ. 1990ರ ದಶಕದ ಕೊನೆಯಲ್ಲಿ ವೈ2ಕೆ ಭೀತಿಯಿಂದಾಗಿ ಕೋಬಾಲ್ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂದಿತು. 2000ನೇ ಇಸವಿ ಹೆಚ್ಚಿನ ಅನಾಹುತವಿಲ್ಲದೆ ಆರಂಭವಾಯಿತು. ಮರುವರ್ಷ ಡಾಟ್‌ಕಾಂ ಕುಸಿತದೊಡನೆ ನೇಮಕಾತಿ ಸೊರಗಿತು. ಆದರೆ ಕೋಬಾಲ್ ಸಾಯಲಿಲ್ಲ. ಬ್ಯಾಂಕುಗಳ ಹಳೆಯ ವ್ಯವಸ್ಥೆಗಳಲ್ಲಿ ಅದು ಇಂದಿಗೂ ಇದೆ. ಬ್ಯಾಂಕಿನ ವ್ಯವಹಾರವನ್ನೂ ಅರಿತು ಅದನ್ನು ಬಲ್ಲವರಿಗೆ ಬೆಲೆಯೂ ಇದೆ.

ಹಾಗಾದರೆ ಸಂಬಳದ ಅಂತರ ಹುಟ್ಟುವುದೆಲ್ಲಿ? ಟಿಸಿಎಸ್ ಇತ್ತೀಚಿನ ವರ್ಷಗಳಲ್ಲಿ ನಡೆಸಿದ ಕಾಲೇಜು ನೇಮಕಾತಿಯನ್ನು ನೋಡಿ. ‘ನಿಂಜಾ’ ವರ್ಗಕ್ಕೆ ವಾರ್ಷಿಕ ಸುಮಾರು 3.36 ಲಕ್ಷ ರೂಪಾಯಿ, ‘ಡಿಜಿಟಲ್’ ವರ್ಗಕ್ಕೆ ಸುಮಾರು 7 ಲಕ್ಷ. ಕೋಡ್ ಬರೆಯುವ ಭಾಷೆಯನ್ನು ಸಿ, ಜಾವಾ, ಪೈಥಾನ್ ಮುಂತಾದವುಗಳಲ್ಲಿ ಅಭ್ಯರ್ಥಿಯೇ ಆರಿಸಿಕೊಳ್ಳಬಹುದು. ಸಂಬಳವನ್ನು ಇಮ್ಮಡಿಗೊಳಿಸುವುದು ಭಾಷೆಯಲ್ಲ, ಕಠಿಣ ಸಮಸ್ಯೆಯನ್ನು ಬಿಡಿಸುವ ಸಾಮರ್ಥ್ಯ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಸರಳ ಕೋಡನ್ನು ಯಂತ್ರವೇ ಬರೆಯುತ್ತಿದೆ.

ಆದ್ದರಿಂದ ಐದು ಭಾಷೆಗಳ ಪ್ರಮಾಣಪತ್ರಕ್ಕಿಂತ ಒಂದು ಭಾಷೆಯ ಆಳವಾದ ಅಭ್ಯಾಸ, ದತ್ತಾಂಶ ರಚನೆ, ಅಲ್ಗಾರಿದಂ ಹಾಗೂ ಎಸ್‌ಕ್ಯುಎಲ್ ಜ್ಞಾನ ಲೇಸು. ಐಐಟಿ ಮತ್ತು ಐಐಎಸ್‌ಸಿಗಳು ರೂಪಿಸಿದ ಎನ್‌ಪಿಟಿಇಎಲ್ ಪಾಠಗಳು ಉಚಿತವಾಗಿ ಲಭ್ಯ. ಸಾಲ ಮಾಡುವ ಮುನ್ನ ಆರು ತಿಂಗಳು ಅವನ್ನು ಕಲಿತು ನೋಡಬೇಕು.

ಸರ್ಕಾರದ ಹೊಣೆಯೂ ಇದೆ. 2012ರ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಈ ಭಾಗದವರಿಗೆ ಕಾಲೇಜು ಸೀಟು ಹಾಗೂ ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ನೀಡಿದೆ. ಖಾಸಗಿ ಕಂಪನಿಯ ಪರೀಕ್ಷೆಗೆ ಅದು ಅನ್ವಯಿಸದು. ಅಲ್ಲಿ ನೆರವಾಗುವುದು ತಾಲ್ಲೂಕು ಕಾಲೇಜಿನ ಸಮರ್ಥ ಅಧ್ಯಾಪಕ ಮತ್ತು ಕೆಲಸ ಮಾಡುವ ಪ್ರಯೋಗಾಲಯ. ಅವೆರಡನ್ನು ಒದಗಿಸದಿದ್ದರೆ ಬಡವನ ಸಾಲ ತರಬೇತಿ ಕೇಂದ್ರದ ಲಾಭವಾಗುತ್ತಲೇ ಇರುತ್ತದೆ.