ಮನಸ್ಸಿಗೂ ಒಂದು ಅಳತೆ

ಮಳೆಗಾಲ ಬಂತೆಂದರೆ ನಮ್ಮ ಕಡೆಯ ಪತ್ರಿಕೆಗಳಲ್ಲಿ ಹಾರಂಗಿ ಜಲಾಶಯದ ನೀರಿನ ಮಟ್ಟ ದಿನವೂ ಅಚ್ಚಾಗುತ್ತದೆ. ಗರಿಷ್ಠ ಮಟ್ಟ 2,859 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು. ಅದನ್ನು ಓದಿದವನು ಹೊಳೆಯ ದಂಡೆಯಲ್ಲಿರುವ ಬಂಧುಗಳಿಗೆ ಎಚ್ಚರಿಕೆ ಹೇಳುತ್ತಾನೆ. ನೀರಿಗೆ ಈ ಬಗೆಯ ಅಳತೆಯುಂಟು, ಮನಸ್ಸಿಗೆ ಏನುಂಟು?

ಮನಸ್ಸು ವೇದಾಂತಿಗಳ ಪಾಲಿನದು, ಅದನ್ನು ಅಳೆಯಲಾಗದು ಎಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಎಂಬ ವಿದ್ವಾಂಸರು ಪ್ರಯೋಗಶಾಲೆಯನ್ನು ತೆರೆದಂದಿನಿಂದ ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮನೆಯಿಂದ ಹೊರಬಂದು ಬೇರೆ ಸಂಸಾರ ಹೂಡಿತು. ನಮ್ಮ ನಾಡೂ ಹಿಂದೆ ಬೀಳಲಿಲ್ಲ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಈ ಶಾಸ್ತ್ರದ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ಮೈಸೂರಿನ ಆಕಾಶವಾಣಿಯನ್ನು ಆರಂಭಿಸಿದವರೂ ಅವರೇ.

2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಮನೆ, ತೋಟ ಕಳೆದುಕೊಂಡವರ ಲೆಕ್ಕ ಬರೆಯಲಾಯಿತು. ನನ್ನ ಸಹಪಾಠಿಯೊಬ್ಬನ ಮನೆ ಉಳಿದಿದೆ. ಲೆಕ್ಕದ ಪ್ರಕಾರ ಅವನಿಗೆ ನಷ್ಟವಿಲ್ಲ. ಆದರೂ ರಾತ್ರಿ ಹೆಂಚಿನ ಮೇಲೆ ಮಳೆ ಬಿರುಸಾಗಿ ಬಿದ್ದರೆ ಎದ್ದು ಕೂಡುತ್ತಾನೆ. ನಾವು ಅವನನ್ನು ಅಂಜುಬುರುಕನೆಂದು ಹಾಸ್ಯ ಮಾಡುತ್ತಿದ್ದೆವು. ರಷ್ಯದ ಪಾವ್ಲೊವ್ ಅವರ ಪ್ರಯೋಗವನ್ನು ಓದಿದ ಮೇಲೆ ನನಗೆ ನಾಚಿಕೆಯಾಯಿತು. ಆಹಾರದೊಡನೆ ಮತ್ತೆ ಮತ್ತೆ ಸದ್ದು ಕೇಳಿದ ನಾಯಿ ಕೊನೆಗೆ ಬರಿಯ ಸದ್ದಿಗೇ ಜೊಲ್ಲು ಸುರಿಸಿತು. ಆಹಾರ ಕೊಡದೆ ಸದ್ದನ್ನಷ್ಟೇ ಕೇಳಿಸುತ್ತ ಹೋದಾಗ ಆ ಅಭ್ಯಾಸ ಕ್ರಮೇಣ ಕುಂದಿತು. ಮಳೆಯ ಸದ್ದಿಗೂ ಭಯಕ್ಕೂ ಹೀಗೆಯೇ ಗಂಟು ಬಿದ್ದಿರಬಹುದು. ಅದು ಹೇಡಿತನವಲ್ಲ, ಆ ಗಂಟನ್ನು ಸಡಿಲಿಸುವ ದಾರಿಯೂ ಉಂಟು.

ಮನುಷ್ಯ ನಾಯಿಯಲ್ಲ, ಮನಸ್ಸು ಜಲಾಶಯವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ನಿಜ; ಮನಸ್ಸಿಗೆ ಅಡಿಗೋಲು ಹಚ್ಚಲಾಗದು. ಆದರೆ ನಿದ್ರೆ ಎಷ್ಟು ಕೆಟ್ಟಿತು, ಭಯ ಎಷ್ಟು ದಿನ ಉಳಿಯಿತು, ಓದಿದುದರಲ್ಲಿ ಎಷ್ಟು ನೆನಪಿದೆ ಎಂಬುದನ್ನು ಕೇಳಬಹುದು, ಎಣಿಸಬಹುದು, ನೂರು ಜನರಲ್ಲಿ ಹೋಲಿಸಿ ನೋಡಬಹುದು. ಊಹೆಯನ್ನು ಹೀಗೆ ಪರೀಕ್ಷೆಗೆ ಒಡ್ಡುವುದೇ ವಿಜ್ಞಾನದ ಲಕ್ಷಣವಲ್ಲವೆ?

ಆದುದರಿಂದ ನಮ್ಮ ಕಾಲೇಜಿನಲ್ಲಿಯೂ ಮನಶ್ಶಾಸ್ತ್ರದ ಬೋಧನೆ ಆರಂಭವಾಗಬೇಕೆಂದು ಗುರುಗಳಲ್ಲಿ ನನ್ನ ಬಿನ್ನಹ. ಅಲ್ಲಿಯವರೆಗೆ, ಕಷ್ಟದಲ್ಲಿರುವ ಗೆಳೆಯರಿಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯುಂಟು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ಇನ್ನು ನಮ್ಮ ಪಾಲಿನ ಕೆಲಸ ಚಿಕ್ಕದು. ಮುಂದಿನ ಮಳೆಗಾಲದಲ್ಲಿ ಹಾರಂಗಿಯ ಮಟ್ಟವನ್ನು ಓದಿ ಪತ್ರಿಕೆ ಮಡಿಸಿದ ಮೇಲೆ, ಪಕ್ಕದಲ್ಲಿ ಕುಳಿತ ಗೆಳೆಯನನ್ನೂ “ರಾತ್ರಿ ನಿದ್ರೆ ಬಂತೆ?” ಎಂದು ಕೇಳೋಣ.